ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಸ್ಕೂಲಿನಲ್ಲಿ ಅವಳಿಗೆ ಬ್ರೇಕ್ ಮೇಡಂ ಎಂದೇ ಹೆಸರು. ಸುಮ್ಮನೆ ಬಂದ ಹೆಸರಲ್ಲ ಅದು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕನ್ನು ಒತ್ತಿ ಒತ್ತಿಯೇ ಅರ್ಧ ಆಯುಷ್ಯ ಸವೆಸಿದ್ದಳು. ಊರಿಗೆಲ್ಲ ಗಾಡಿ ಕಲಿಸಿದವಳು ತಾನು ಮಾತ್ರ ಒಂದು ದಿನವೂ ಮನಸಾರೆ ಓಡಿಸಿರಲಿಲ್ಲ, ಏನನ್ನೋಣ! ಹಳೇ ವಿಮಾನ ಮೈದಾನದಲ್ಲಿ ಹವ್ಯಾಸಿಗಳಿಗೆ ಕಾರ್ ರೇಸಂತೆ ಎಂದು ಗೊತ್ತಾದದ್ದೇ ತಡ, ಹೆಸರು ಕೊಟ್ಟುಬಂದಳು. ಭಾನುವಾರದೊಳಗೆ ಕಾರು ಸಿಗದಿದ್ದರೆ ಆ ಹೆಸರು ಹೊಡೆದುಹಾಕುತ್ತಾರೆ. ಮುಂದಿನ ವರ್ಷ ನೋಡೋಣ ಎಂದು ಬಿಟ್ಟರೆ ಆ ಮುಂದಿನ ವರ್ಷ ಬರುವುದೇ ಇಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ಗಂಡನನ್ನು ಎಬ್ಬಿಸಿಕೊಂಡು ಹಳೇ ಕಾರುಗಳ ಅಂಗಡಿಗೆ ಬಂದಿದ್ದಳು. ಗಂಡ ದರ್ಜಿ. ಹೊಲಿಗೆ ಮಿಷನ್ ಬಿಟ್ಟು ಎದ್ದು ಬಂದವನ ಕೊರಳಲ್ಲಿ ಇನ್ನೂ ಟೇಪು ನೇತಾಡುತ್ತಿತ್ತು.

"ಈ ಕೆಂಪುದು ತಗೊಳ್ಳೇ, ಲಕ್ಷಣವಾಗಿದೆ."

"ರೀ, ಬಟ್ಟೆ ಆರಿಸೋಕೆ ಬಂದಿದ್ದೀವಾ?" ಅವಳು ಬಗ್ಗಿ ಕಾರಿನ ಅಡಿ ನೋಡಿದಳು. ಬಣ್ಣ ನಿನ್ನೆಯದು, ತುಕ್ಕು ತಾತನ ಕಾಲದ್ದು. ಮುಂದಿನದು ಸ್ಟಾರ್ಟ್ ಆದೊಡನೆ ಗೂರಲು ಹತ್ತಿದವರಂತೆ ಕೆಮ್ಮಿ ಹೊಗೆ ಕಾರಿತು.

ಮೂಲೆಯಲ್ಲಿ ಮೈತುಂಬಾ ತರಚಿಕೊಂಡ ಒಂದು ಬಿಳಿ ಕಾರಿತ್ತು.

"ಅದು ಬೇಡ ಮೇಡಂ," ಎಂದ ಅಂಗಡಿಯವನು. "ಡ್ರೈವಿಂಗ್ ಸ್ಕೂಲಿನ ಗಾಡಿ. ಕಲಿಯೋರು ಅರೆದು ಇಟ್ಟಿದ್ದಾರೆ. ಯಾರೂ ಮೂಸಿ ನೋಡಲ್ಲ, ಅದಕ್ಕೇ ಅಷ್ಟು ಅಗ್ಗ."

"ಅರೆದಿರೋದು ಕ್ಲಚ್ಚನ್ನ. ಹೊಸದು ಹಾಕಿಸಿದ್ರಾಯ್ತು. ಎಂಜಿನ್ ಪಾಪ, ಓಟ ಅಂದ್ರೇನು ಅಂತ್ಲೇ ನೋಡಿಲ್ಲ. ನನ್ನ ಥರಾನೇ!" ಎಂದವಳೇ ಬಾಗಿಲು ತೆಗೆದು ಠೀವಿಯಿಂದ ಕೂತಳು.

ಕೂತದ್ದು ಪಕ್ಕದ ಸೀಟಿನಲ್ಲಿ! ಅಂಗಡಿಯವನು ಕೀಲಿಯನ್ನು ಗಂಡನ ಕೈಗಿಟ್ಟ. ಸೈಕಲ್ಲೂ ಬಾರದ ಆ ಮನುಷ್ಯ ಕಕ್ಕಾಬಿಕ್ಕಿಯಾದ. ಅವಳು ನಾಲಿಗೆ ಕಚ್ಚಿಕೊಂಡು ಇಳಿದು, ಆಚೆ ಬಾಗಿಲಿಗೆ ಬಂದಳು. ಖಾಲಿಯಾದ ಸೀಟಿನಲ್ಲಿ ಗಂಡ ಕೂತ.

ಅಂಗಡಿಯ ಹಿಂದಿನ ಖಾಲಿ ರಸ್ತೆಯಲ್ಲಿ ಕಾರು ರೊಯ್ಯನೆ ನುಗ್ಗಿತು. ಅಬ್ಬಾ, ಎಂಥ ಸುಖ! ಮೊದಲ ತಿರುವು ಬಂತು. ಕಾರು ಧಡಕ್ಕನೆ ನಿಂತಿತು.

"ನಾನಲ್ಲ ಕಣೇ, ಕಾಲು!" ಎಂದ ಗಂಡ. ದಿನವಿಡೀ ಮಿಷನ್ ತುಳಿದ ಕಾಲು ಅದು. ಸಿಕ್ಕ ಪೆಡಲನ್ನು ಬಿಟ್ಟೀತೇ? ಎರಡನೇ ತಿರುವಿನಲ್ಲೂ ಅದೇ ಕಥೆ.

"ನಾನು ನೋಡ್ಕೋತಿದ್ದೀನಲ್ಲ, ಬಿಡ್ರೀ!" ಎಂದು ರೇಗಿದಳು. ರೇಗಿದ ಮೇಲೆ ಪಿಚ್ಚೆನಿಸಿತು. ಇದೇ ಮಾತನ್ನು ಕಲಿಯಲು ಬಂದವರು ಎಷ್ಟು ಜನ ತನಗೆ ಹೇಳಿಲ್ಲ!

"ಭಯ ಆಗುತ್ತೆ ಕಣೇ. ನಿಂಗೇನಾದ್ರೂ ಆದ್ರೆ ನಾನೇನು ಮಾಡ್ಲಿ?"

ಅವಳು ಕಾರನ್ನು ತಿರುಗಿಸಿ ಅಂಗಡಿಗೆ ತಂದು ನಿಲ್ಲಿಸಿದಳು. "ಗಾಡಿ ಇದೇ. ಆದ್ರೆ ಆ ಎರಡನೇ ಬ್ರೇಕು ಬಿಚ್ಚಿಬಿಡಿ."

ಬಿಚ್ಚಿದ ಪೆಡಲನ್ನು ಗಂಡ ಚೀಲಕ್ಕೆ ಹಾಕಿಕೊಂಡ. ಅವಳು ಕಂಡೂ ಕಾಣದಂತಿದ್ದಳು.

ಭಾನುವಾರದ ರೇಸಿನಲ್ಲಿ, ಹೊಸ ಕ್ಲಚ್ಚಿನ ಹಳೇ ಕಾರಿನಲ್ಲಿ ಅವಳು ಒಬ್ಬಳೇ ಹೊರಟಳು. ತಿರುವು ತಿರುವಿಗೂ ಟೈರು ಕಿರುಚಿದರೂ ಕಾರನ್ನು ಎಲ್ಲೂ ಮುಗ್ಗರಿಸಗೊಡಲಿಲ್ಲ. ಕೊನೆಯಿಂದ ಎರಡನೆಯವಳಾಗಿ ಬಂದು, ಗೆದ್ದವರಿಗಿಂತ ಜೋರಾಗಿ ಕೂಗಿದಳು.

ಗಂಡ ಮೈದಾನದಂಚಿನ ಬೆಂಚಿನ ಮೇಲೆ ಬೆವರಿ ತೊಪ್ಪೆಯಾಗಿ ಕೂತಿದ್ದ. ಅವನ ಬಲಗಾಲಿನ ಕೆಳಗೆ ಆ ಪೆಡಲಿತ್ತು.

"ಒತ್ತಿದ್ರಾ?"

"ಪ್ರತಿ ತಿರುವಿಗೂ," ಎಂದು ಅವನು ಕೊರಳಿನ ಟೇಪಿನಿಂದಲೇ ಕಣ್ಣೊರೆಸಿಕೊಂಡ. "ಎಷ್ಟು ಒತ್ತಿದ್ರೂ ನೀನು ನಿಲ್ಲಲೇ ಇಲ್ಲವಲ್ಲೇ!"