ಕಣ್ಣು ಬಿದ್ದ ಚಿನ್ನ

ರೆನಾಟಾಗೆ ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಂಗೈಯ ಪುಟ್ಟ ಡಬ್ಬಿಯಲ್ಲಿ ಉಗುರಿನಗಲದ ಸಿಲಿಕಾನ್ ಬಿಲ್ಲೆ. ಅದರ ಮೇಲೆ ಬರಿಗಣ್ಣಿಗೆ ಕಲೆಯಂತೆ ಕಾಣುವ ಚಿನ್ನದ ಚೌಕಗಳು. ಒಂದೊಂದು ಚೌಕದೊಳಗೂ ಜರಿಗಿಡದ ಕಾಡೇ ಇತ್ತು: ದೊಡ್ಡ ಎಲೆಯಂಚಿಗೆ ಅದೇ ರೂಪದ ಸಣ್ಣ ಎಲೆ, ಅದರಂಚಿಗೆ ಇನ್ನೂ ಸಣ್ಣದು. ಬೆಳಕು ತಾಗಿದರೆ ಚಿನ್ನದೊಳಗಿನ ಎಲೆಕ್ಟ್ರಾನುಗಳು ತೊಟ್ಟಿಲಿನಂತೆ ತೂಗುತ್ತವೆ. ದೊಡ್ಡ ಎಲೆ ಒಂದು ಬಣ್ಣಕ್ಕೆ ತೂಗಿದರೆ ಸಣ್ಣದು ಬೇರೊಂದಕ್ಕೆ. ತೀರಾ ಸಣ್ಣ ಎಲೆ ಬೆಂಜೀನ್ ಅನಿಲ ಹೀರುವ ಬಣ್ಣಕ್ಕೇ ತೂಗುತ್ತದೆಂದು ಅವಳು ಲೆಕ್ಕ ಹಾಕಿ ಹೇಳಿದ್ದಳು. ಹ್ಯೂಸ್ಟನ್ನಿನ ಹಡಗು ಕಾಲುವೆಯ ದಂಡೆಯಲ್ಲಿ, ರಿಫೈನರಿಗಳ ಗಾಳಿ ಕುಡಿದು ಬೆಳೆದವಳು. ಸೋರುವ ಅನಿಲವನ್ನು ಹಿಡಿಯುವ ಕಣ್ಣೊಂದನ್ನು ಮಾಡಿಯೇ ತೀರುವುದು ಅವಳ ಹಟ.

ಮಧ್ಯಾಹ್ನ ಬಿಲ್ಲೆಗೆ ಬೆಳಕಿನ ಅಳತೆ. ಲೆಕ್ಕ ಕೂಡಿಬಂದರೆ ಅವಳ ಗೈಡ್ ಪ್ರೊಫೆಸರ್ ಲೊರೇನ್ ಸಂಜೆಯೇ ಲೇಖನ ಕಳಿಸುತ್ತಾರೆ, ರೆನಾಟಾಳ ಪಿಎಚ್‌ಡಿ ದಡ ಸೇರುತ್ತದೆ. ತಪ್ಪಿದರೆ ಮತ್ತೆ ಮೊದಲಿನಿಂದ.

ಅವಳು ಡಬ್ಬಿ ಹಿಡಿದು ಎದ್ದಳು.

"ಎಲ್ಲಿಗೇ ಹೊರಟೆ?" ಎಂದ ಜೊತೆಗಾರ ಡೆಸ್ಮಂಡ್.

"ಕಾಫಿಗೆ."

"ಕಾಫಿ ಆ ಕಡೆ ಇದೆ ಕಣೇ. ಈ ಕಡೆ ಇರೋದು ಮೈಕ್ರೋಸ್ಕೋಪು."

"ಮೂಲೇಲಿರೋ ಚೌಕ ಮಾತ್ರ ನೋಡ್ತೀನಿ ಮಾರಾಯ, ನಿನ್ನಾಣೆ."

"ಆಣೆಗೆ ನಾನೇ ಬೇಕಿತ್ತಾ? ಗಂಬೋ ಸಾರು ಬೇಯೋವಾಗ ಮುಚ್ಚಳ ತೆಗೆದ್ರೆ ನಮ್ಮಜ್ಜಿ ಸೌಟಲ್ಲೇ ಬಾರಿಸೋಳು. ನಿನ್ನಂಥೋಳು ಅವಳ ಕೈಗೆ ಸಿಕ್ಕಬೇಕಿತ್ತು."

ಅವರ ಪ್ರಯೋಗಾಲಯದ ಕಟ್ಟುನಿಟ್ಟು ಅದು: ಮೊದಲು ಬೆಳಕಿನ ಅಳತೆ, ಆಮೇಲೆ ನೋಟ. ಎಲೆಕ್ಟ್ರಾನ್ ಮೈಕ್ರೋಸ್ಕೋಪು ಎಲ್ಲಿ ದಿಟ್ಟಿಸುತ್ತದೋ ಅಲ್ಲೊಂದು ಮಸಿಯ ತೆಳುಪೊರೆ ಕೂತುಬಿಡುತ್ತದೆ, ಆಮೇಲಿನ ಅಳತೆ ನಂಬುವಂತಿರುವುದಿಲ್ಲ. ತಾಳ್ಮೆಯಿಲ್ಲದವರಿಗೆಂದೇ ಮೂಲೆಯಲ್ಲಿ ಒಂದು ಚೌಕವನ್ನು ಬಲಿಗೆ ಬಿಡುವ ವಾಡಿಕೆ.

ರೆನಾಟಾ ಮೂಲೆಯನ್ನೇ ನೋಡಿದಳು. ಸಣ್ಣ ಎಲೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಅಂಚಿನಲ್ಲಿ ಯಾವಾಗಲೂ ಹೀಗೇ, ಒಳಗೆ ಚೆನ್ನಾಗಿರುತ್ತದೆ ಎಂದು ಬುದ್ಧಿ ಹೇಳಿತು. ಕೈ ಕೇಳಬೇಕಲ್ಲ. ಗುಂಡಿ ತಿರುಗಿ, ನೋಟ ಒಳಗಿನ ಮೊದಲ ಚೌಕಕ್ಕೆ ಜಾರಿತು.

ಎಲ್ಲ ಎಲೆಗಳೂ ಇದ್ದವು! ಒಂದೊಂದು ತುದಿಯೂ ಬಿಡಿಬಿಡಿಯಾಗಿ, ಆಗ ತಾನೇ ಚಿಗುರಿದಂತೆ. ಅವಳು ಹತ್ತಿರ ಹೋದಳು, ಇನ್ನೂ ಹತ್ತಿರ, ಒಂದು ಎಲೆ ಬಿಟ್ಟು ಪಕ್ಕದ ಎಲೆಗೆ. ಕೊನೆಗೆ ಹಿಂದೆ ಸರಿದು ಇಡೀ ಚೌಕ ನೋಡಿದಾಗ, ತಾನು ಕಣ್ಣಿಟ್ಟ ಕಡೆಯಲ್ಲೆಲ್ಲ ಕಪ್ಪು ತೇಪೆ.

ಮಧ್ಯಾಹ್ನ ಡೆಸ್ಮಂಡ್ ಬಿಲ್ಲೆಯನ್ನು ಅಳತೆಯ ಯಂತ್ರಕ್ಕಿಟ್ಟು, ಯಾರನ್ನೂ ಕೇಳದೆ ಅದೇ ಮೊದಲ ಚೌಕಕ್ಕೆ ಬೆಳಕು ಹಾಯಿಸಿದ. ಹೇಳಬೇಕೆಂದು ರೆನಾಟಾ ಬಾಯಿ ತೆರೆದಳು. ಅಷ್ಟರಲ್ಲಿ ಪರದೆಯ ಗೆರೆ ಓಡಿತು. ದೊಡ್ಡ ಎಲೆಯ ಬಣ್ಣ ಬಂದಲ್ಲಿ ತಗ್ಗಿತು, ಸಣ್ಣದರ ಬಣ್ಣ ಬಂದಲ್ಲಿ ಮತ್ತೆ ತಗ್ಗಿತು, ಕೊನೆಯದಾಗಿ ಬೆಂಜೀನಿನ ಗುರುತಿಗೆ ಸರಿಯಾಗಿ, ಕೂದಲೆಳೆಯಷ್ಟೂ ಆಚೀಚೆಯಾಗದೆ ತಗ್ಗಿತು.

ಡೆಸ್ಮಂಡ್ ಸಿಳ್ಳೆ ಹಾಕಿದ. ಬಾಗಿಲಲ್ಲೇ ನಿಂತಿದ್ದ ಲೊರೇನ್ ಒಳಗೆ ಬಂದರು.

"ಏನೇ ಹುಡುಗಿ, ದೇವರ ಹತ್ರ ಕೇಳ್ಕೊಂಡು ಬಂದು ಲೆಕ್ಕ ಹಾಕಿದ್ಯಾ? ಡೆಸ್ಮಂಡ್, ಈ ಚಿತ್ರ ಈಗಲೇ ನಂಗೆ ಕಳಿಸು."

ರೆನಾಟಾ ಆ ಕೊನೆಯ ತಗ್ಗನ್ನೇ ನೋಡಿದಳು. ಹಾಗೆ ಹೇಳಿದ್ದು ಬರೀ ಚಿನ್ನವೇ, ಮೇಲೆ ಕೂತ ಮಸಿಯೇ? ಮಸಿ ಕೂತರೆ ಅದರ ಭಾರಕ್ಕೆ ಎಲೆಯ ತೂಗಾಟ ನಿಧಾನವಾಗುತ್ತದೆ, ತಗ್ಗು ಪಕ್ಕಕ್ಕೆ ಸರಿಯುತ್ತದೆ. ಸರಿದು ಸರಿದು ಗುರುತಿನ ಮೇಲೆ ಬಂದು ಕೂತಿದೆಯೋ ಏನೋ. ಗೊತ್ತಿದ್ದವಳು ಅವಳೊಬ್ಬಳೇ. ಸುಮ್ಮನಿದ್ದರೆ ಸಾಕಿತ್ತು.

"ಕಳಿಸಬೇಡ," ಎಂದಳು. "ಆ ಚೌಕನ ನಾನು ನೋಡ್ಬಿಟ್ಟಿದೀನಿ."

ಲೊರೇನ್‌ಗೆ ಬಿಡಿಸಿ ಹೇಳಬೇಕಾಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು.

"ಅಜ್ಜಿ ಸೌಟು," ಎಂದು ಡೆಸ್ಮಂಡ್ ಗೊಣಗಿದ.

"ಪಕ್ಕದ ಚೌಕ ಅಳೆಯೋ. ಅದನ್ನ ಮುಟ್ಟಿಲ್ಲ ನಾನು."

ಗೆರೆ ಮತ್ತೆ ಓಡಿತು. ಕೊನೆಯ ತಗ್ಗು ಇತ್ತು, ಇಲ್ಲವೆನ್ನುವಂತಿಲ್ಲ. ಆದರೆ ಬೆಂಜೀನಿನ ಗುರುತು ಮುಟ್ಟದೆ, ಬಾಗಿಲ ಹೊರಗೇ ನಿಂತ ನೆಂಟನಂತೆ ಈಚೆಗೇ ನಿಂತಿತ್ತು.

ಲೊರೇನ್ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಇವತ್ತು ಲೇಖನ ಹೋಗಲ್ಲ. ಎಲೆಗಳೇನೋ ತೂಗ್ತಿವೆ, ನಿನ್ನ ಲೆಕ್ಕ ತಪ್ಪಿದೆ. ಎಲ್ಲಿ ಅಂತ ಹುಡುಕು." ಬಾಗಿಲ ಹತ್ತಿರ ನಿಂತು ತಿರುಗಿದರು. "ಹೇಳಿದ್ದು ಒಳ್ಳೇದಾಯ್ತು. ನೋಡಿದ್ದಕ್ಕೆ ಆಮೇಲೆ ಬಯ್ತೀನಿ."

ಅವರು ಹೋದ ಮೇಲೆ ಡೆಸ್ಮಂಡ್ ಕುರ್ಚಿ ಎಳೆದುಕೊಟ್ಟ. "ಕೂರೇ ಒಂದ್ನಿಮಿಷ."

"ಕೂರಕ್ಕಾಗಲ್ಲ ಕಣೋ," ಎಂದಳು ರೆನಾಟಾ. ಕಣ್ಣಲ್ಲಿ ನೀರಿತ್ತು, ದೃಷ್ಟಿ ಮಾತ್ರ ಪರದೆ ಬಿಟ್ಟಿರಲಿಲ್ಲ. "ಇನ್ನೊಂದು ಚೌಕ ಅಳೆ."