ಮೂಲೆ ಎದ್ದ ಲಕೋಟೆ

"ಇವತ್ತು ಬಿಸಿಲು ಜಾಸ್ತಿ, ಯಾರಿಗೂ ಹೇಳ್ಬೇಡ" ಎನ್ನುವಷ್ಟರ ಮಟ್ಟಿಗೆ ಗುಟ್ಟು ನನ್ನ ದೊಡ್ಡಮ್ಮನ ಮಗಳ ನಾಲಿಗೆಗೆ ಒಗ್ಗಿಹೋಗಿತ್ತು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತು ವರ್ಷಗಳಿಂದ ಊರವರ ಮೂಳೆಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡುತ್ತಿದ್ದ ಅಕ್ಕ, ತನ್ನ ಪಾಸ್‌ಬುಕ್ಕನ್ನು ಮಾತ್ರ ಹೆತ್ತ ತಾಯಿಗೂ ತೋರಿಸಿದವಳಲ್ಲ. ರಸ್ತೆಯಲ್ಲಿ ಗೋಡೆಯ ಅಂಚು ಹಿಡಿದು, ಚೀಲವನ್ನು ಗೋಡೆಯ ಬದಿಗೆ ಅವುಚಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತ ನಡೆಯುವಳು. ಬಿಳಿಕೋಟಿನ ಒಳಗೆ ತಾನೇ ಹೊಲಿದ ಜೇಬು, ಜೇಬಿಗೊಂದು ಪಿನ್ನು, ಪಿನ್ನಿನ ಮೇಲೆ ಸದಾ ಒಂದು ಕೈ. ನಾವು ತಮ್ಮ ತಂಗಿಯರು 'ತಿಜೋರಿ' ಎಂದು ಹೆಸರಿಟ್ಟು ನಗುತ್ತಿದ್ದೆವು.

ನಗಬಾರದಿತ್ತು. ಮೂವತ್ತರ ವಯಸ್ಸಿನಲ್ಲಿ ಅವಳು ಒಬ್ಬನನ್ನು ಮನಸಾರೆ ಪ್ರೀತಿಸಿ, ಬ್ಯಾಂಕಿನ ಪಾಸ್‌ವರ್ಡನ್ನು ಅವನ ಕೈಗಿತ್ತು, ಅವನ ಸಾಲಕ್ಕೆ ಜಾಮೀನಾಗಿಯೂ ನಿಂತಿದ್ದಳು. ಅವನು ಖಾತೆಯನ್ನು ಗುಡಿಸಿ ಗುಂಡಾಂತರ ಮಾಡಿ ಮಾಯವಾದ. ಆ ಸಾಲವನ್ನು ಅಕ್ಕ ಇನ್ನೂ ತೀರಿಸುತ್ತಿರುವ ಸಂಗತಿ ನನ್ನೊಬ್ಬಳಿಗೇ ಗೊತ್ತಿತ್ತು. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಇವಳು ತಣ್ಣೀರನ್ನೂ ಊದುತ್ತಿದ್ದಳು.

ಇಂಥವಳಿಗೆ ನಲವತ್ತೈದರ ಅಂಚಿನಲ್ಲಿ, ಆಸ್ಪತ್ರೆಯ ಹರಿದ ರಿಜಿಸ್ಟರುಗಳನ್ನು ರಿಪೇರಿಗೆ ಒಯ್ಯುವ ಬೈಂಡರ್ ಒಬ್ಬರ ಮೇಲೆ ಮನಸ್ಸಾಯಿತು. ಮದುವೆಯ ಮಾತೂ ಆಯಿತು. ಅಷ್ಟರಲ್ಲಿ ಅವಳ ಪಿತ್ತಕೋಶದ ಕಲ್ಲಿಗೆ ಆಪರೇಷನ್. ಹಿಂದಿನ ದಿನ ಅಕ್ಕ ಸಂಬಳ, ಉಳಿತಾಯ, ಪಾಸ್‌ವರ್ಡು, ಕೊನೆಗೆ ಆ ಸಾಲ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಲಕೋಟೆಯಲ್ಲಿಟ್ಟು ಅವಸರದಲ್ಲಿ ಅಂಟಿಸಿ ಅವರಿಗೆ ಕೊಟ್ಟಳು. "ನನಗೇನಾದ್ರೂ ಆದ್ರೆ ಮಾತ್ರ ತೆಗೀರಿ."

ಏನೂ ಆಗಲಿಲ್ಲ, ಲಕೋಟೆ ವಾಪಸು ಬಂತು. ಅಂದೇ ನನ್ನನ್ನು ಕರೆಸಿಕೊಂಡಳು.

"ನಾನು ಅಂಟಿಸಿದ್ದು ಸೊಟ್ಟ ಕಣೇ, ಒಂದು ಮೂಲೆ ಎದ್ದೇ ಇತ್ತು. ಈಗ ನೋಡು, ಅಳತೆಪಟ್ಟಿ ಇಟ್ಟ ಹಾಗಿದೆ. ತೆಗೆದು ಓದಿದ್ದಾರೆ."

ಮೂರು ದಿನ ಗಳಿಗೆಗೊಮ್ಮೆ ಖಾತೆ ನೋಡಿದಳು. ಬಿಡಿಗಾಸೂ ಕದಲಿರಲಿಲ್ಲ, ಅದರಿಂದ ಹೆದರಿಕೆ ಇನ್ನೂ ಹೆಚ್ಚಿತು. "ದುಡ್ಡು ಹೋಗಿದ್ರೆ ಗೊತ್ತಾಗೋದು. ಸಾಲ ನೋಡಿ ಮನಸ್ಸು ಮುರ್ಕೊಂಡಿದ್ರೆ ಹೇಗೆ ಗೊತ್ತಾಗುತ್ತೆ?" ಅನ್ನ ಬಿಟ್ಟಳು, ನನ್ನ ನೆಮ್ಮದಿಯನ್ನೂ ಕೆಡಿಸಿದಳು. ನಾಲ್ಕನೆಯ ದಿನ ಇಬ್ಬರೂ ಅವರ ಬೈಂಡಿಂಗ್ ಅಂಗಡಿಗೆ ಹೋದೆವು.

ಅವರು ಮೊಣಕೈವರೆಗೂ ಅಂಟು ಮೆತ್ತಿಕೊಂಡು ದಪ್ಪ ರಿಜಿಸ್ಟರೊಂದರ ಬೆನ್ನಿಗೆ ಬಟ್ಟೆ ಕೂರಿಸುತ್ತಿದ್ದರು. "ಲಕೋಟೆ ತೆಗೆದ್ರಾ?" ಎಂದಳು ಅಕ್ಕ, ನಿಂತಲ್ಲೇ.

"ಇಲ್ಲ. ಮೂಲೆ ಎದ್ದಿತ್ತು, ಅಂಟು ಹಚ್ಚಿ ಭಾರ ಇಟ್ಟೆ. ಎದ್ದ ಮೂಲೆ ನೋಡ್ಕೊಂಡು ಸುಮ್ನಿರೋಕಾಗುತ್ತಾ ನನಗೆ?"

ಅಷ್ಟೇ; ಆಣೆಯಿಲ್ಲ, ಪ್ರಮಾಣವಿಲ್ಲ. ನನಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ. ನಿಜವೂ ಇದ್ದೀತು, ಜಾಣಸುಳ್ಳೂ ಇದ್ದೀತು, ಸಾಕ್ಷಿ ಎಲ್ಲಿಂದ ತರುವುದು? ಅವಳು ಲಕೋಟೆಯನ್ನು ಮುಂದೆ ಚಾಚಿದಳು. "ಹಾಗಾದ್ರೆ ಈಗ ಓದಿ."

"ಕೈಯೆಲ್ಲ ಅಂಟು. ನೀವೇ ಓದಿ, ಕೇಳಿಸ್ಕೋತೀನಿ."

ಹರಿದಳು. ಸಂಬಳ ಓದಿದಳು, ಉಳಿತಾಯ ಓದಿದಳು. ಸಾಲದ ಸಾಲಿಗೆ ಬಂದಾಗ ಹಾಳೆಯನ್ನು ಮಡಚಹೋಗಿ, ಮತ್ತೆ ಬಿಡಿಸಿ ಓದಿದಳು. ನಾನು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಯಾರ ಸಾಲ, ಹೇಗೆ ತಲೆಗೆ ಬಂತು ಎಂಬುದನ್ನೂ ಒದರಿಬಿಟ್ಟಳು. ಅವರ ಕುಂಚ ನಿಂತಿತು.

"ಇನ್ನೆಷ್ಟು ದಿನ ಇದೆ?"

"ಎರಡು ವರ್ಷ."

"ಇಷ್ಟು ದಿನ ಒಬ್ರೇ ಹೊತ್ಕೊಂಡು ಬಂದ್ರಲ್ಲ" ಎಂದರು. ಅಕ್ಕ ಅಲ್ಲೇ ಹಾಳೆಗಳ ಕಟ್ಟಿನ ಮೇಲೆ ಕುಳಿತು ಅತ್ತಳು.

ಮರುದಿನ ಬೆಳಿಗ್ಗೆಯೇ ಪಾಸ್‌ವರ್ಡು ಬದಲಿಸಿದಳು. ಸಂಜೆ ಹೊಸದನ್ನು ತಾನೇ ಹೋಗಿ ಅವರಿಗೆ ಹೇಳಿಬಂದಳು. "ಹೇಳ್ಬಿಟ್ಟೆ ಕಣೇ, ಎದೆ ಇನ್ನೂ ಹೊಡ್ಕೋತಾ ಇದೆ" ಎಂದು ನನಗೆ ಫೋನು ಮಾಡಿದಳು.

ಒಮ್ಮೆ ಮೋಸಹೋದವರ ಜಾತಿಯೇ ಹೀಗೆ. ಭಯ ತೀರಲಿ ಎಂದು ಕಾಯುತ್ತ ಕೂತರೆ ಆಯುಷ್ಯವೇ ತೀರುತ್ತದೆಂದು ಬಲ್ಲವರು ಅವರು. ನಿಶ್ಚಿಂತರಿಗೆ ನಂಬಿಕೆ ಹುಟ್ಟುಗುಣ, ಖರ್ಚಿಲ್ಲದ್ದು. ಇವರು ಪ್ರತಿದಿನವೂ ಹೆದರುತ್ತಲೇ ನಂಬಬೇಕು. ಇಂಥವರ ನಂಬಿಕೆ ಪಡೆದವರು ಭಾಗ್ಯವಂತರು. ಅದನ್ನು ಎಲ್ಲಿ ಮುರಿದೇವೋ ಎಂದು ಇನ್ನು ಮೇಲೆ ಹೆದರಿ ನಡೆಯಬೇಕಾದವರೂ ಆ ಪಡೆದವರೇ.