ಬೋನಾಳದ ಆಡುಗಳ ವಂಶಾವಳಿ

ಬೋನಾಳ ಕೆರೆಯ ಆಚೀಚೆ ಆಡು ಮೇಯಿಸುವ ಹೆಣ್ಣುಮಕ್ಕಳ ಸಂಘದಲ್ಲಿ ಓದು ಬಾರದವಳು ಕುಬ್ರಾಬೇಗಂ ಒಬ್ಬಳೇ. ಸುರಪುರದ ಪಶುವೈದ್ಯೆ ಸುಮಲತಾ ಸಭೆ ಕರೆದ ದಿನ ಕುಬ್ರಾಬೇಗಂ ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದಳು.

ಎಳೆಯ ಮರಿಯ ಕೂದಲ ಬೇರಿನಲ್ಲಿರುವ ವಂಶವಾಹಿ ಪರೀಕ್ಷಿಸಿದರೆ ಮುಂದೆ ಅದರ ಸಂತಾನ ಎಷ್ಟು ಹಾಲು ಕೊಟ್ಟೀತೆಂದು ಅಂದಾಜಿಸಬಹುದು, ಒಳ್ಳೆಯ ಹೋತ ಆರಿಸಲು ವರ್ಷಗಟ್ಟಲೆ ಕಾಯಬೇಕಿಲ್ಲ ಎಂದಳು ಸುಮಲತಾ. ಆದರೆ ಪ್ರತಿ ಮರಿಗೂ ಪೂರ್ತಿ ಪರೀಕ್ಷೆ ಮಾಡಿಸಿದರೆ ಮರಿ ಮಾರಿದರೂ ಖರ್ಚು ಹುಟ್ಟದು. ಅದಕ್ಕೇ ಹೋತಗಳಿಗೂ ಕೆಲವು ಹಳೆಯ ಆಡುಗಳಿಗೂ ದೊಡ್ಡ ಪರೀಕ್ಷೆ, ಮರಿಗಳಿಗೆ ಅಗ್ಗದ ಸಣ್ಣದು; ಸಣ್ಣದರಲ್ಲಿ ಬಿಟ್ಟುಹೋದದ್ದನ್ನು ತಂದೆತಾಯಿಯ ಪರೀಕ್ಷೆ ನೋಡಿ ಕಂಪ್ಯೂಟರ್ ತುಂಬಿಕೊಳ್ಳುತ್ತದೆ. ಅದಕ್ಕೆ ಯಾವ ಮರಿ ಯಾವುದರದೆಂದು ತಿಳಿದಿರಬೇಕು. ಹೆಂಗಸರು ಮುಖ ಮುಖ ನೋಡಿಕೊಂಡರು. ಎಲ್ಲರ ಆಡುಗಳೂ ಒಟ್ಟಿಗೇ ಮೇಯುತ್ತಿದ್ದವು.

"ನನಗ ಗೊತ್ತೈತ್ರಿ, ಬರ್ಕೋರಿ," ಎಂದಳು ಕುಬ್ರಾಬೇಗಂ.

ಅವಳು ಹೇಳುತ್ತ ಹೋದಳು. ಯಾವ ಆಡು ಯಾರ ಹೋತಕ್ಕೆ ಗಬ್ಬ ಕಟ್ಟಿತು, ಅದರ ಅಜ್ಜಿ ಯಾರ ಮನೆಯಿಂದ ಬಂತು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಸುಮಲತಾಳ ಕೈ ಸೋತಿತು.

ಎರಡು ತಿಂಗಳ ಮೇಲೆ ಸುಮಲತಾ ಫಲಿತಾಂಶ ಹಿಡಿದು ಅವಳ ಮನೆಗೇ ಬಂದಳು.

"ಮೂವತ್ತೆರಡು ಮರಿ ನೀವು ಹೇಳಿದಂಗ ಅದಾವ, ಖಾಲಾ. ನಿಮ್ಮ ಈ ಕಂದು ಗಂಡುಮರೀದು ಮಾತ್ರ ಅಪ್ಪ ಬ್ಯಾರೆ. ಮೋನಮ್ಮನ ಹೋತ."

ಕುಬ್ರಾಬೇಗಂ ನಂಬಲಿಲ್ಲ. ಸಂಘದ ಮೋನಮ್ಮನ ಬಡಕಲು ಹೋತವನ್ನು, ಒಟ್ಟಿಗೆ ಮೇಯುವಾಗಲೂ, ಅವಳು ಎಂದೂ ತನ್ನ ಆಡುಗಳ ಹತ್ತಿರ ಬಿಟ್ಟವಳಲ್ಲ. ಮರಿ ಹುಟ್ಟಿದ ದಿನದಿಂದ ಐದು ತಿಂಗಳು ಹಿಂದಕ್ಕೆ ಎಣಿಸಿದಳು. ಆ ವಾರ ತಂಗಿಯ ಮಗಳು ಮೆಹನಾಜಳ ಮದುವೆಗೆ ಶಹಾಪುರಕ್ಕೆ ಹೋಗಿದ್ದಳು. ಆಡು ಹೊಡೆದುಕೊಂಡು ಹೋದವನು ಗಂಡ ರಾಜಾಸಾಬ. ಅವನತ್ತ ತಿರುಗಿದಳು.

ಹಗ್ಗ ಹೊಸೆಯುತ್ತಿದ್ದ ರಾಜಾಸಾಬ ತಲೆ ಎತ್ತಲಿಲ್ಲ. "ಜಾಲಿ ನೆರಳಾಗ ಜರಾ ಕಣ್ಣು ಹತ್ತಿತ್ತು," ಎಂದ.

ಸುಮಲತಾಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಹೇಳಿದಳು: ಎಲ್ಲಕ್ಕಿಂತ ಒಳ್ಳೆಯ ಹಾಲಿನ ಅಂದಾಜು ಬಂದದ್ದು ಆ ಕಂದು ಮರಿಗೇ.

ಸಂಘದವರು ಅದನ್ನು ಮಾರದೆ ಎಲ್ಲರ ಆಡುಗಳಿಗೂ ಹೋತವಾಗಿ ಉಳಿಸಿಕೊಂಡರು. ಮೂರನೆಯ ವರ್ಷ ಅದರ ಹೆಣ್ಣುಮರಿಗಳು ಈದವು. ಮರಿಗಳು ಹೊಟ್ಟೆತುಂಬ ಕುಡಿದ ಮೇಲೂ ಚೊಂಬು ತುಂಬುವಷ್ಟು ಹಾಲು ಉಳಿಯುತ್ತಿತ್ತು.

ಸುದ್ದಿ ದೋರನಹಳ್ಳಿಗೂ ಮುಟ್ಟಿತು. ಅಲ್ಲಿಯ ಆಡು ಸಾಕುವ ಹಂಪಮ್ಮ, ತಮ್ಮೂರವರನ್ನು ಕೇಳಿ ಕೇಳಿ ಆಡುಗಳ ಬಳಗ ಬರೆಸಿಕೊಡಲು ಕರೆದಾಗ, ಕುಬ್ರಾಬೇಗಂ ಹೊಸ ಸೀರೆ ಉಟ್ಟು ಬೆಳಗಿನ ಬಸ್ಸು ಹತ್ತಿದಳು.